ಅತ್ತೆಯ ಮೊಳಕೆ ರಾಗಿ ಮತ್ತು ನನ್ನ ಕಪ್ಪು ಬಿಯರು

ಪರದೇಶಕ್ಕೆ ಹೋದವರು ಬರುವಾಗ ಏನಾದರೊಂದು ತರಲೇಬೇಕು ಎಂಬುದು ನಮ್ಮ ಕಡೆ ಯಾರೂ ಬರೆದಿಡದ ಕಾನೂನು. ಕ್ಯಾಮೆರಾ ತರುತ್ತಾರೆ, ವಾಚು ತರುತ್ತಾರೆ, ಏನೂ ಗಿಟ್ಟದವರು ಹೋಟೆಲಿನ ಬಚ್ಚಲಲ್ಲಿಟ್ಟ ಪುಟ್ಟ ಸೋಪನ್ನಾದರೂ ತರುತ್ತಾರೆ. ನಾನು ತಂದದ್ದು ಒಂದು ರುಚಿ. ವಿಮಾನ ನಿಲ್ದಾಣದಲ್ಲಿ ನನ್ನ ಸೂಟ್‌ಕೇಸನ್ನು ಬುಡಮೇಲು ಮಾಡಿ ನೋಡಿದ ಅಧಿಕಾರಿ ಬಾಯಿ ತೆಗೆಯಿರಿ ಎಂದು ಕೇಳಲಿಲ್ಲ, ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಇಡೀ ದೇಹದಲ್ಲಿ ಜ್ಞಾಪಕಶಕ್ತಿ ಇರುವುದು ನಾಲಿಗೆಯೊಂದಕ್ಕೇ. ಮದುವೆಯಾದ ತಾರೀಕು ಮರೆಯುತ್ತೇನೆ, ಕನ್ನಡಕ ಹಣೆಯ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇನೆ. ಆದರೆ ಏಳನೇ ಕ್ಲಾಸಿನಲ್ಲಿದ್ದಾಗ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಪಕ್ಕ ತಿಂದ ದೋಸೆಯ ಚಟ್ನಿಗೆ ಪುದೀನ ಹಾಕಿದ್ದರೋ ಇಲ್ಲವೋ ಎಂದು ಈಗ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹಾಕಿದ್ದರು, ಸ್ವಲ್ಪ ಜಾಸ್ತಿಯೇ ಹಾಕಿದ್ದರು.

ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟು. ಮನೆ ಪಾಂಡವಪುರದಲ್ಲಿ. ಕಬ್ಬಿನ ಹಾಲಿನಲ್ಲಿ ಸಿಹಿ ಎಷ್ಟಿದೆ ಎಂದು ಅಳೆದು ಬರೆಯುವುದೇ ನನ್ನ ಜೀವಮಾನದ ಸಾಧನೆ. ಎರಡು ವರ್ಷದ ಹಿಂದೆ, ಹಾಗೆ ಅಳೆಯುವ ಹೊಸ ಯಂತ್ರವೊಂದನ್ನು ಕಲಿತು ಬರಲು ನನ್ನನ್ನು ಜರ್ಮನಿಯ ಒಂದು ಸಣ್ಣ ಊರಿಗೆ ಆರು ವಾರ ಕಳಿಸಿದರು. ಯಂತ್ರವನ್ನು ನಾಲ್ಕು ದಿನದಲ್ಲಿ ಕಲಿತೆ. ಉಳಿದ ಸಂಜೆಗಳಲ್ಲಿ ನಾನು ಕಲಿತದ್ದು ನಾನಿದ್ದ ಬೀದಿಯ ಕೊನೆಯ ಮನೆಯಲ್ಲಿ. ಅಲ್ಲಿ ಒಬ್ಬ ಮುದುಕಿ ಮತ್ತು ಅವಳ ಗಂಡ ಸೇರಿ ಬಿಯರು ಕಾಯಿಸುತ್ತಿದ್ದರು. ಹಿತ್ತಲಲ್ಲಿ ತಾಮ್ರದ ದೊಡ್ಡ ಹಂಡೆ, ಮುಂದುಗಡೆ ಆರು ಮೇಜು, ಅಷ್ಟೇ ಅವರ ಕಾರ್ಖಾನೆ. ಅವರು ಕಾಯಿಸಿದ್ದು ಆ ಊರಲ್ಲೇ ಖರ್ಚಾಗಬೇಕು, ಬೇರೆ ಊರಿನವರಿಗೆ ಬೇಕೆಂದರೆ ಅವರೇ ಬಂದು ಕುಡಿಯಬೇಕು.

ನಾನೇನೂ ಕುಡುಕನಲ್ಲ. ಅದಕ್ಕೆ ಮುಂಚೆ ಬೆಳ್ಳೂರು ಕ್ರಾಸಿನಲ್ಲಿ ಸ್ನೇಹಿತರ ಬಲವಂತಕ್ಕೆ ಒಂದೆರಡು ಸಲ ಬಾಟಲಿ ಬಿಯರು ಕುಡಿದಿದ್ದೆ. ಇದಕ್ಕೆ ಯಾಕಪ್ಪಾ ಜನ ಮನೆಮಠ ಕಳೆದುಕೊಳ್ಳುತ್ತಾರೆ ಎಂದು ಆಶ್ಚರ್ಯಪಟ್ಟಿದ್ದೆ. ಮುದುಕಿಯ ಬಿಯರು ಕುಡಿದ ಮೇಲೆ ಆ ಆಶ್ಚರ್ಯ ಹೊರಟುಹೋಯಿತು. ಅವಳ ಹತ್ತಿರ ಮೂರು ಬಗೆ ಇತ್ತು. ಒಂದು ಹೊಂಬಣ್ಣದ್ದು, ಒಂದು ಕದಡಿದ ಬಿಳಿಯದು, ಇನ್ನೊಂದು ಕಪ್ಪು. ಆ ಕಪ್ಪು ಬಿಯರಿನ ಮೊದಲ ಗುಟುಕು ಒಳಗೆ ಹೋದಾಗ ನನಗೆ ನೆನಪಾದದ್ದು ಕೆಂಡದ ಮೇಲೆ ಸುಟ್ಟ ರಾಗಿ ರೊಟ್ಟಿಯ ಅಂಚು. ಅಯ್ಯೋ ಶಿವನೇ, ಸಾವಿರಾರು ಮೈಲಿ ಹಾರಿಬಂದು ನಮ್ಮನೆ ಒಲೆಯ ಮುಂದೆ ಕೂತ ಹಾಗಾಯಿತು! ಕಣ್ಣಲ್ಲಿ ನೀರು ಬಂತು. ಮುದುಕಿ ಬಿಯರು ಕೆಟ್ಟಿದೆಯೇನೋ ಎಂದು ಗಾಬರಿಯಾಗಿ ಇನ್ನೊಂದು ಲೋಟ ತಂದುಕೊಟ್ಟಳು. ನಾನು ಕೆಮಿಸ್ಟೆಂದು ಗೊತ್ತಾದ ಮೇಲಂತೂ ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದಳು. ಬಾರ್ಲಿಯನ್ನು ನೆನೆಹಾಕಿ ಮೊಳಕೆ ಬರಿಸುವುದು, ಒಣಗಿಸುವುದು, ಹುರಿಯುವುದು, ನುಚ್ಚು ಮಾಡಿ ಬಿಸಿನೀರಲ್ಲಿ ಸಿಹಿ ಬಿಡಿಸುವುದು, ಸೋಸಿ ಒಂದು ಕಹಿ ಹೂವು ಹಾಕಿ ಕುದಿಸುವುದು, ಆರಿದ ಮೇಲೆ ಯೀಸ್ಟು ಬೆರೆಸಿ ಹುಳಿಯಲು ಬಿಡುವುದು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೊರಡುವ ದಿನ ಅವಳು ಆ ಒಣಗಿದ ಹೂವನ್ನು ಒಂದು ದೊಡ್ಡ ಪೊಟ್ಟಣ ಕಟ್ಟಿ ಕೊಟ್ಟಳು.

ಊರಿಗೆ ಬಂದು, ಆ ವರ್ಷದ ಕಬ್ಬು ಅರೆಯುವುದು ಮುಗಿದು, ಕೈಗೆ ಬಿಡುವು ಸಿಕ್ಕಿತು. ನನ್ನ ಹೆಂಡತಿ ಸರೋಜಳ ಮುಂದೆ ವಿಷಯ ಇಟ್ಟೆ. ನಾನು ಅದನ್ನು ಒಂದು ರಾಸಾಯನಿಕ ಪ್ರಯೋಗ ಎಂದು ವರ್ಣಿಸಿದೆ.

"ಅಂದ್ರೆ ಮನೇಲಿ ಎಂಡ ಕಾಯಿಸ್ತೀರಾ?" ಎಂದಳು.

"ಹೆಂಡ ಅಲ್ಲ ಮಾರಾಯ್ತಿ, ಬಿಯರು. ಜರ್ಮನಿಯಲ್ಲಿ ಹೆಂಗಸರೇ ಮಾಡ್ತಾರೆ."

"ಅಂಗಾದ್ರೆ ಜರ್ಮನೀಲೇ ಒಬ್ಬಳನ್ನ ಕಟ್ಕೊಂಡು ಬರಬೇಕಾಗಿತ್ತು. ನಾನು ಕೈ ಆಕಾಕಿಲ್ಲ. ಬೇಡ ಅಂತಲೂ ಅನ್ನಾಕಿಲ್ಲ. ಅಂದೂ ಅಂದೂ ನಂಗೆ ಸಾಕಾಗದೆ."

ಇದನ್ನು ನಾನು ಒಪ್ಪಿಗೆ ಎಂದು ತೆಗೆದುಕೊಂಡೆ. ಮನೆಯಲ್ಲಿ ಬಿಯರು ಕಾಯಿಸುವುದರ ಬಗ್ಗೆ ಅಬಕಾರಿ ಇಲಾಖೆಯ ಅಭಿಪ್ರಾಯವೇನೆಂದು ಮಾತ್ರ ವಿಚಾರಿಸಲು ಹೋಗಲಿಲ್ಲ. ಕೆಲವು ವಿಷಯಗಳಲ್ಲಿ ಅಜ್ಞಾನ ಆರೋಗ್ಯಕ್ಕೆ ಒಳ್ಳೆಯದು. ಶ್ರೀರಂಗಪಟ್ಟಣದ ಗುಜರಿ ಅಂಗಡಿಯಿಂದ ಖಾಲಿ ಬಾಟಲಿಗಳನ್ನು ತಂದೆ, ಬೇಕರಿಯಿಂದ ಯೀಸ್ಟು ತಂದೆ, ಗ್ರಂಧಿಗೆ ಅಂಗಡಿಯಿಂದ ಎರಡು ಕಿಲೋ ಬಾರ್ಲಿ ತಂದು ನೆನೆಹಾಕಿ ಮೊಳಕೆಗಾಗಿ ಕಾದೆ. ಮೂರು ದಿನ ಕಾದೆ, ಐದು ದಿನ ಕಾದೆ. ಮೊಳಕೆ ಬರಲಿಲ್ಲ, ವಾಸನೆ ಬಂತು. ಉರಿಮೂತ್ರಕ್ಕೆ ಗಂಜಿ ಕಾಯಿಸಿ ಕುಡಿಯಲೆಂದು ಮಾರುವ ಆ ಬಾರ್ಲಿಗೆ ಸಿಪ್ಪೆಯನ್ನೂ ಕಣ್ಣನ್ನೂ ಮಿಲ್ಲಿನಲ್ಲೇ ಉಜ್ಜಿ ತೆಗೆದಿರುತ್ತಾರೆ, ಅದು ಏಳು ಜನ್ಮ ಕಾದರೂ ಮೊಳೆಯುವುದಿಲ್ಲ. ಇದು ನಮ್ಮೂರ ದನ ಕಾಯುವವನಿಗೂ ಗೊತ್ತಿರುವ ಸಂಗತಿ. ನನಗೆ ಎಂಎಸ್ಸಿ ಆಗಿದ್ದರಿಂದ ಗೊತ್ತಿರಲಿಲ್ಲ.

ಆಗ ಹೊಳೆಯಿತು, ರಾಗಿ! ಮೊಳಕೆ ಕಟ್ಟುವುದರಲ್ಲಿ ರಾಗಿಯನ್ನು ಮೀರಿಸುವ ಕಾಳು ಯಾವುದಿದೆ? ರೊಟ್ಟಿಯ ಅಂಚಿನ ಆ ರುಚಿ ಬರಬೇಕೆಂದರೆ ಅದೇ ಸರಿ. ಮೊಳಕೆ ಕಟ್ಟುವುದರಲ್ಲಿ ನಮ್ಮತ್ತೆಯನ್ನು ಮೀರಿಸುವವರೂ ಯಾರೂ ಇಲ್ಲ. ಅತ್ತೆ ಚಿಕ್ಕತಾಯಮ್ಮ ಇರುವುದು ಸಿಂಧಘಟ್ಟದಲ್ಲಿ, ಮಗ ಪುಟ್ಟಸ್ವಾಮಿಯ ಜೊತೆ. ಅವಳು ನನಗೆ ಎರಡು ಕಡೆಯಿಂದಲೂ ಅತ್ತೆ. ನಮ್ಮಪ್ಪನ ತಂಗಿಯೂ ಹೌದು, ಸರೋಜಳ ತಾಯಿಯೂ ಹೌದು. ನನ್ನನ್ನು ಎತ್ತಿ ಆಡಿಸಿದವಳಾದ್ದರಿಂದ ಅಳಿಯ ಎಂಬ ಮರ್ಯಾದೆ ನನಗೆ ಅವಳಿಂದ ಒಂದು ದಿನವೂ ಸಿಕ್ಕಿಲ್ಲ. ನಾನೂ ಅವಳನ್ನು ಏಕವಚನದಲ್ಲೇ ಕರೆಯುತ್ತೇನೆ. ಎಪ್ಪತ್ತು ದಾಟಿದೆ, ಹಲ್ಲು ಗಟ್ಟಿ. ಎಲೆಅಡಿಕೆ, ಅದಕ್ಕೊಂದು ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿ, ಇಷ್ಟಿದ್ದರೆ ಅವಳಿಗೆ ಊಟ ಇಲ್ಲದಿದ್ದರೂ ನಡೆಯುತ್ತದೆ. ಅವಳ ತುಟಿ ಕೆಂಪಗಿಲ್ಲದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಒಂದು ಭಾನುವಾರ ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಿ ಸಿಂಧಘಟ್ಟಕ್ಕೆ ಹೋದೆ. ಅತ್ತೆ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಅತ್ತೆ, ಸ್ವಲ್ಪ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಕೊಡಬೇಕಲ್ಲ."

"ಅದಕ್ಕೇನ್ಲಾ, ಕೊಡ್ತೀನಿ. ಯಾರ ಮಗೀಗೆ?"

ಇಲ್ಲಿ ಓದುಗರು ಒಂದು ವಿಷಯ ನೆನಪಿಡಬೇಕು. ನಮ್ಮ ಕಡೆ ಮೊಳಕೆ ರಾಗಿಯ ಹಿಟ್ಟು ಎಂದರೆ ಹಲ್ಲು ಬಾರದ ಕೂಸಿಗೆ ಕಾಯಿಸಿ ಕುಡಿಸುವ ಪದಾರ್ಥ. ಅದನ್ನು ಬಿಟ್ಟರೆ, ಮುದ್ದೆ ಅನ್ನ ಒಳಗೆ ಹೋಗುವುದಿಲ್ಲ ಎಂದು ಡಾಕ್ಟರು ಕೈಬಿಟ್ಟ ರೋಗಿಗೆ. ಮೂರನೆಯವರು ಯಾರೂ ಅದನ್ನು ಮುಟ್ಟುವುದಿಲ್ಲ. ಇದು ನನಗೂ ಗೊತ್ತಿತ್ತು. ಆದರೆ ತಲೆಯ ತುಂಬ ಕಪ್ಪು ಬಿಯರು ತುಂಬಿಕೊಂಡಿದ್ದಾಗ ಗೊತ್ತಿರುವುದು ಗೊತ್ತಾಗುವುದಿಲ್ಲ.

"ಮಗೂಗಲ್ಲ ಅತ್ತೆ, ನನಗೇ."

ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. "ನಿಂಗಾ? ಯಾಕ್ಲಾ?"

"ಏನಿಲ್ಲ, ಸುಮ್ಮನೆ. ಮೈಗೆ ಒಳ್ಳೇದಂತೆ."

"ಎಷ್ಟು ಬೇಕು?"

"ಸದ್ಯಕ್ಕೆ ಒಂದು ಹತ್ತು ಸೇರು. ಆಮೇಲೆ ನೋಡೋಣ."

ಅತ್ತೆ ನನ್ನ ಮುಖವನ್ನೇ ನೋಡಿದಳು. ಜರ್ಮನಿಯಲ್ಲಿ ಮುದ್ದೆ ಇಲ್ಲದೆ ನಾನು ಸೊರಗಿದ್ದೆ. ಷರಟಿನ ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು. "ಆಗ್ಲಿ ಕಣಪ್ಪ" ಎಂದಳು. ಅವಳು ನನ್ನನ್ನು 'ಲಾ' ಬಿಟ್ಟು 'ಅಪ್ಪ' ಎಂದದ್ದು ಅದೇ ಮೊದಲು. ವಯಸ್ಸಾಯಿತು, ಮೆತ್ತಗಾಗಿದ್ದಾಳೆ ಎಂದುಕೊಂಡು ಮಜ್ಜಿಗೆ ಕುಡಿದು ಸಂತೋಷವಾಗಿ ವಾಪಸು ಬಂದೆ.

ಹತ್ತು ದಿನಕ್ಕೆ ಪುಟ್ಟಸ್ವಾಮಿ ರಾಗಿ ತಂದುಕೊಟ್ಟು, ಕೂರದೆ, ನನ್ನ ಬೆನ್ನು ಸವರಿ ಹೋದ. ಎಂಥ ರಾಗಿ ಅಂತೀರಿ! ಒಂದೊಂದು ಕಾಳೂ ಒಡೆದು, ಬೇರು ಉಜ್ಜಿ, ಹದವಾಗಿ ಹುರಿದು ಘಮಘಮ ಎನ್ನುತ್ತಿತ್ತು. ಬಚ್ಚಲ ಹಂಡೆಯಲ್ಲಿ ಮೊದಲ ಕಪ್ಪು ಬಿಯರು ಕಾಯಿಸಿದೆ. ಅತ್ತೆ ಹುರಿದದ್ದು ಸಾಲದೆಂದು ನಾನು ಇನ್ನಷ್ಟು ಹುರಿದೆ, ಅದೇ ತಪ್ಪಾಯಿತು. ಉಪ್ಪಿನಕಾಯಿ ಜಾಡಿಯಲ್ಲಿ ಎಂಟು ದಿನ ಹುಳಿಸಿ ಬಾಯಿಗಿಟ್ಟರೆ ಸೀದ ಅಂಬಲಿ. ಸರೋಜ ಮೂಗು ಹಿಡಿದುಕೊಂಡು ಅದನ್ನು ಪಕ್ಕದ ಮನೆಯ ಎಮ್ಮೆಯ ಕಲಗಚ್ಚಿಗೆ ಸುರಿದಳು. ಎಮ್ಮೆ ಒಂದೇ ಉಸಿರಿಗೆ ಕುಡಿದು, ಮಾರನೆಯ ದಿನ ಅದೇ ಹೊತ್ತಿಗೆ ತಾನಾಗಿಯೇ ನಮ್ಮ ಗೇಟಿನ ಹತ್ತಿರ ಬಂದು ನಿಂತಿತು. ನನ್ನ ಬಿಯರನ್ನು ಮೆಚ್ಚಿದ ಮೊದಲ ಜೀವ ಅದು, ಅದಕ್ಕೆ ನಾನು ಕೃತಜ್ಞ.

ಎರಡನೆಯದು ಬಿಳಿಯದು, ಅರ್ಧ ರಾಗಿ ಅರ್ಧ ಗೋಧಿ. ಅದು ಅಷ್ಟೇನೂ ಮೋಸವಿಲ್ಲ ಎನ್ನುವ ಹಾಗೆ ಬಂತು. ಈ ನಡುವೆ ಮನೆಗೆ ನೆಂಟರು ಬರುವುದು ಶುರುವಾಗಿತ್ತು. ನಾಗಮಂಗಲದಿಂದ ನಮ್ಮ ದೊಡ್ಡಪ್ಪನ ಮಗ ತಮ್ಮಣ್ಣ ಬಂದ. ಹತ್ತು ವರ್ಷದಿಂದ ನಮ್ಮ ಮನೆ ಎಲ್ಲಿದೆ ಎಂದು ಕೇಳದವನು ಒಂದು ಡಜನ್ ಮೂಸಂಬಿ, ಎರಡು ಪೌಂಡು ಬ್ರೆಡ್ಡು ಹಿಡಿದು ಬಂದು ಎದುರಿಗೆ ಕೂತು ನನ್ನನ್ನೇ ದಿಟ್ಟಿಸಿದ.

"ಎಂಗಿದ್ದೀಯಾ?"

"ಚೆನ್ನಾಗಿದ್ದೀನಿ ಕಣೋ."

"ಅಂಗೇ ಅನ್ಬೇಕು ಕಣ್ಲಾ. ಧೈರ್ಯ ಬುಡಬಾರ್ದು. ಊಟ ಸೇರ್ತದಾ?"

"ಬೆಳಿಗ್ಗೆ ನಾಲ್ಕು ಇಡ್ಲಿ ತಿಂದೆ."

ಅವನು ಸರೋಜಳ ಕಡೆ ತಿರುಗಿ, ಪಾಪ, ಎಷ್ಟು ಸಹಿಸಿಕೊಂಡಿದ್ದಾನೆ ಎನ್ನುವಂತೆ ತಲೆಯಾಡಿಸಿದ. ಅವನ ಹಿಂದೆ ಇನ್ನೂ ನಾಲ್ಕೈದು ಮಂದಿ ಬಂದರು. ಎಲ್ಲರ ಕೈಯಲ್ಲೂ ಮೂಸಂಬಿ. ನನಗೆ ಮೊದಲು ಇದೆಲ್ಲ ಜರ್ಮನಿಯಿಂದ ಬಂದದ್ದಕ್ಕೆ ಸಿಗುತ್ತಿರುವ ಗೌರವ ಅನ್ನಿಸಿತು. ಎಷ್ಟು ದಡ್ಡನೆಂದರೆ ಒಬ್ಬರಿಗೆ ಫೋಟೋ ಆಲ್ಬಮ್ಮನ್ನೂ ತೋರಿಸಿದೆ. ಅವರು ಅದನ್ನು ನೋಡಿ, "ಡಾಕ್ಟ್ರಿಗೆ ತೋರ್ಸೋಕೆ ಅಂತ ಅಷ್ಟು ದೂರ ಓಗಿದ್ರಾ? ಅಲ್ಲೂ ಆಗಾಕಿಲ್ಲ ಅಂದ್ಬುಟ್ರಾ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ನನಗೆ ವಿಷಯ ಅರ್ಥವಾಯಿತು. ಹತ್ತು ಸೇರು ಮೊಳಕೆ ರಾಗಿ ಕೇಳಿದ ಗಂಡಸು ಇನ್ನೆಷ್ಟು ದಿನವೋ ಎಂದು ಇಡೀ ಸಿಂಧಘಟ್ಟ ಲೆಕ್ಕ ಹಾಕುತ್ತಿತ್ತು.

ನಗು ಬಂತು. ಸರೋಜಳಿಗೂ ಹೇಳಿ ನಕ್ಕೆ. ಅವಳು ನಗಲಿಲ್ಲ. ಅದೇ ವಾರ ಎರಡನೇ ಕಂತು ರಾಗಿ ತಂದ ಪುಟ್ಟಸ್ವಾಮಿ ನನ್ನನ್ನು ಹಿತ್ತಲಿಗೆ ಕರೆದ.

"ಭಾವ, ನಿಮ್ಮ ಕಾಯಿಲೆ ಏನು ಅಂತ ಕೇಳಾಕಿಲ್ಲ. ಆದ್ರೆ ಬಿರ್‍ನೆ ಉಸಾರಾಗಿ. ಅವ್ವ ಎಲೆಅಡಿಕೆ ಬುಟ್ಬುಟ್ಟವ್ಳೆ."

"ಏನು?"

"ಮನೆದೇವ್ರ ಮುಂದೆ ಅರಕೆ ಕಟ್ಟವ್ಳೆ. ಅವನಿಗೆ ವಾಸಿಯಾಗೋಗಂಟ ನಾನು ಎಲೆ ಮುಟ್ಟಾಕಿಲ್ಲ ಅಂತ. ಒಂದು ತಿಂಗಳಾಯ್ತಾ ಬಂತು. ಊಟ ಸೇರಾಕಿಲ್ಲ, ನಿದ್ದೆ ಇಲ್ಲ, ಸಿಕ್ಕಿದೋರ ಮ್ಯಾಲೆಲ್ಲ ಹರಿಹಾಯ್ತಾಳೆ. ಖಾಲಿ ಎಲೆಚೀಲ ತೊಡೆ ಮ್ಯಾಲೆ ಇಟ್ಕೊಂಡು ಜಗಲಿ ಮ್ಯಾಲೆ ಕೂತಿರ್ತಾಳೆ. ನಮಗೇ ಸಂಕಟ ಆಯ್ತದೆ."

ಹನ್ನೆರಡನೇ ವಯಸ್ಸಿಗೆ ಮದುವೆಯಾದಾಗಿನಿಂದ ಬಾಯಲ್ಲಿದ್ದ ಎಲೆಯನ್ನು, ಗಂಡ ತೀರಿಕೊಂಡಾಗಲೂ ಬಿಡದ ಎಲೆಯನ್ನು, ಅವಳು ನನಗಾಗಿ ಬಿಟ್ಟಿದ್ದಳು. ನಾನೋ, ನನ್ನ ನಾಲಿಗೆಯ ಚಪಲಕ್ಕೆ ಅವಳ ಕೈಯಲ್ಲೇ ರಾಗಿ ಕಟ್ಟಿಸಿಕೊಳ್ಳುತ್ತಿದ್ದೆ. ಪುಟ್ಟಸ್ವಾಮಿ ಹೋದ ಮೇಲೆ ಸರೋಜ ಹೇಳಿದಳು: "ನಾಳೇನೇ ಓಗಿ ನಿಜ ಹೇಳಿ. ನಮ್ಮವ್ವನ್ನ ಕೊಲ್ಲಬೇಡಿ."

ಹೇಳಬೇಕಾಗಿತ್ತು. ಹೇಳುತ್ತೇನೆ ಎಂದೂ ಅಂದೆ. ಆದರೆ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಅಂದು ಬಂದ ಎರಡನೇ ಕಂತಿನ ರಾಗಿ ಮೊದಲನೆಯದಕ್ಕಿಂತ ಚೆನ್ನಾಗಿತ್ತು. ರೋಗಿಗೆ ಎಂದು ಅತ್ತೆ ಇನ್ನೂ ಜೋಪಾನವಾಗಿ, ಇನ್ನೂ ಒಂದು ದಿನ ಹೆಚ್ಚು ಮೊಳೆಯಿಸಿ ಕಟ್ಟಿದ್ದಳು. ಇದೊಂದು ಕಪ್ಪು ಬಿಯರು ಕಾಯಿಸಿಬಿಡುತ್ತೇನೆ, ಆಮೇಲೆ ಹೋಗಿ ಕಾಲಿಗೆ ಬೀಳುತ್ತೇನೆ ಎಂದುಕೊಂಡೆ. ಎರಡು ವಾರ ತಡಮಾಡಿದೆ. ಆ ಎರಡು ವಾರ ಸರೋಜ ನನ್ನ ಜೊತೆ ಮಾತು ಬಿಟ್ಟಿದ್ದಳು. ಊಟದ ತಟ್ಟೆಯನ್ನು ಇಡುವ ಸದ್ದಿನಿಂದಲೇ ಎಲ್ಲವನ್ನೂ ತಿಳಿಸುತ್ತಿದ್ದಳು.

ಒಂದು ಬೆಳಿಗ್ಗೆ ಜಾಡಿಯ ಬಾಯಿ ಬಿಚ್ಚಿ ಲೋಟಕ್ಕೆ ಬಗ್ಗಿಸಿದೆ. ಕಪ್ಪಗೆ, ಮೇಲೆ ಕಂದು ನೊರೆ. ಒಂದು ಗುಟುಕು ಕುಡಿದೆ. ಅದೇ! ಸುಟ್ಟ ರೊಟ್ಟಿಯ ಅಂಚು, ಆಮೇಲೆ ಆ ಹೂವಿನ ಕಹಿ, ಕೊನೆಗೆ ಕಂಡೂ ಕಾಣದ ಸಿಹಿ. ಮುದುಕಿಯ ಹಿತ್ತಲಲ್ಲಿ ನಿಂತು ಕುಡಿದ ಅದೇ ಬಿಯರು. ಕೂಗಬೇಕೆನ್ನುವಷ್ಟು ಖುಷಿಯಾಗಿ ಲೋಟ ಹಿಡಿದು ನಡುಮನೆಗೆ ಬಂದರೆ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಮೊದಲ ಬಸ್ಸಿಗೇ ಹೊರಟು ಬಂದಿದ್ದಳು. ಕಂಕುಳಲ್ಲಿ ಮತ್ತೊಂದು ರಾಗಿಯ ಗಂಟು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಎಲ್ಲಕ್ಕಿಂತ ಮೊದಲು ಕಂಡದ್ದು ಅವಳ ತುಟಿ. ಬೆಳ್ಳಗೆ, ಒಡೆದು, ಬೇರೆ ಯಾರದೋ ತುಟಿಯ ಹಾಗೆ ಕಾಣುತ್ತಿತ್ತು.

"ಕಷಾಯ ಕುಡೀತಿದ್ದೀಯೇನಪ್ಪಾ?" ಎಂದಳು ಲೋಟ ನೋಡಿ. "ಕುಡಿ, ಕುಡಿ. ನಿಂಗೆ ಅಲ್ಲು ಬರೋಕ್ ಮುಂಚೆ ನಾನೇ ಈ ಕೈಲಿ ರಾಗಿ ಸರಿ ತಿನ್ಸಿದ್ದೆ. ಈಗ ಮತ್ತೆ ತಿನ್ಸೋ ಅಂಗಾಯ್ತಲ್ಲಾ."

ಲೋಟ ಕೆಳಗಿಟ್ಟು ಹೇಳಿಬಿಟ್ಟೆ. "ಅತ್ತೆ, ನಂಗೆ ಯಾವ ಕಾಯಿಲೆಯೂ ಇಲ್ಲ. ನೀನು ಕಟ್ಟಿಕೊಟ್ಟ ರಾಗೀಲಿ ನಾನು ಬಿಯರು ಕಾಯಿಸ್ತಿದ್ದೆ. ನೀನು ಎಲೆ ಬಿಟ್ಟಿದ್ದು ಗೊತ್ತಾದ ಮೇಲೂ ಎರಡು ವಾರ ಸುಮ್ಮನಿದ್ದೆ. ತಪ್ಪಾಯ್ತು."

"ಅಂಗಂದ್ರೆ? ಕುಡಿಯಾಕಾ?"

"ಹೂಂ."

"ಕಾಯಿಲೆ ಇಲ್ವಾ?"

"ಇಲ್ಲ."

"ನಮ್ಮಣ್ಣನ ಆಣೆಗೂ ಇಲ್ವಾ?"

"ನಮ್ಮಪ್ಪನ ಆಣೆಗೂ ಇಲ್ಲ ಅತ್ತೆ."

ಅತ್ತೆ ಗಂಟನ್ನು ಕೆಳಗೆ ಹಾಕಿ, ಅದರ ಮೇಲೇ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವಳು ಮುಖ ಒರೆಸಿಕೊಂಡು, "ಸದ್ಯ! ಕುಡುಕನಾದ್ರೂ ಆಗ್ಲಿ, ಗಟ್ಟಿಯಾಗವ್ನಲ್ಲ, ಅಷ್ಟು ಸಾಕು" ಎಂದಳು. ಆಮೇಲೆ ಒಳಗೆ ತಿರುಗಿ, "ಸರೋಜಾ, ಎಲೆ ತತ್ತಾರೇ!" ಎಂದು ಕೂಗಿದಳು. ಎಲೆ ಬಂತು, ಅಡಿಕೆ ಬಂತು, ಅಂಗಡಿಯಿಂದ ಕಡ್ಡಿಪುಡಿಯನ್ನು ನಾನೇ ಓಡಿಹೋಗಿ ತಂದೆ. ಅವಳು ಎರಡೂ ದವಡೆಗೆ ತುಂಬಿಕೊಂಡು ಕಣ್ಣು ಮುಚ್ಚಿ ಅಗಿಯುವುದನ್ನು ನೋಡುತ್ತ ಕೂತೆ. ನನ್ನ ಕಪ್ಪು ಬಿಯರನ್ನು ಕುಡಿದವರ ಮುಖದಲ್ಲಿ ಆ ಸುಖ ನಾನು ಎಂದೂ ಕಂಡಿಲ್ಲ, ನನ್ನ ಮುಖದಲ್ಲೂ ಇರಲಿಕ್ಕಿಲ್ಲ.

ತುಟಿಗೆ ಬಣ್ಣ ಬಂದ ಮೇಲೆ ಅತ್ತೆಗೆ ಬುದ್ಧಿಯೂ ಚುರುಕಾಯಿತು. "ಅರಕೆ ಇನ್ನೂ ಅರ್ಧ ಅದೆ ಕಣ್ಲಾ" ಎಂದಳು. 'ಲಾ' ವಾಪಸು ಬಂದಿತ್ತು. "ಅಲ್ಲೀಗಂಟ ನಾನು ಎಲೆ ಬುಡ್ತೀನಿ, ವಾಸಿಯಾದ್ಮೇಲೆ ಅವನೂ ಅವನಿಗೆ ಇಷ್ಟವಾದ್ದ ಒಂದೊರ್ಸ ಬುಡ್ತಾನೆ ಅಂತ ದೇವ್ರಿಗೆ ಮಾತು ಕೊಟ್ಟಿವ್ನಿ. ದೇವ್ರು ತನ್ನ ಪಾಲು ನಡೆಸ್ದ."

"ಕಾಯಿಲೆಯೇ ಇರಲಿಲ್ಲವಲ್ಲ ಅತ್ತೆ, ದೇವರು ವಾಸಿ ಮಾಡಿದ್ದೇನು?"

"ಇರಲಿಲ್ಲ ಅನ್ನೋ ಅಂಗೆ ವಾಸಿ ಮಾಡವ್ನೆ. ವಾದ ಮಾಡಬ್ಯಾಡ."

ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಸರೋಜ ಎರಡು ವಾರದಲ್ಲಿ ಮೊದಲ ಸಲ ನಕ್ಕಳು. ನಾನು ಜಾಡಿಯ ಕಡೆ ನೋಡಿದೆ. ಇಷ್ಟು ತಿಂಗಳು ಒದ್ದಾಡಿ, ಇವತ್ತು ಬೆಳಿಗ್ಗೆ ತಾನೇ ಕೈಗೆ ಹತ್ತಿದ್ದು. ಆದರೆ ಅವಳು ಒಂದೂವರೆ ತಿಂಗಳು ಎಲೆ ಬಿಟ್ಟಿದ್ದಾಗ ನಾನು ಯಾವ ಮುಖ ಇಟ್ಟುಕೊಂಡು ಆಗುವುದಿಲ್ಲ ಎನ್ನಲಿ? "ಆಯ್ತು ಅತ್ತೆ, ಬಿಯರು ಬಿಡ್ತೀನಿ" ಎಂದೆ.

"ಅದ್ಯಾಕೆ ಬುಡ್ತೀಯಾ? ಕುಡ್ಕೋ. ನಾನು ಕಟ್ಟಿದ ಮೊಳಕೆ ದಂಡ ಆಗ್ಬಾರ್ದು" ಎಂದಳು ಅತ್ತೆ. "ಎಳೇ ಮಗೀನಿಂದ ನಿನ್ನ ನೋಡಿವ್ನಿ. ನಿಂಗೆ ಎಲ್ಲಕ್ಕಿಂತ ಇಷ್ಟವಾದ್ದು ಸುಳ್ಳು ಹೇಳೋದು. ಅದ ಬುಡು, ಒಂದೊರ್ಸ."

ಬಿಯರು ಬಿಡುವುದೇ ಎಷ್ಟೋ ವಾಸಿಯಾಗಿತ್ತು. ಆ ಒಂದು ವರ್ಷದ ಕಷ್ಟ ನನ್ನ ಶತ್ರುವಿಗೂ ಬೇಡ. ಸಾರು ಹೇಗಿದೆ ಎಂದು ಸರೋಜ ದಿನಕ್ಕೆರಡು ಸಲ ಬೇಕೆಂದೇ ಕೇಳಿದಳು. ತಮ್ಮಣ್ಣ ತನ್ನ ಹೊಸ ಮನೆ ತೋರಿಸಿ ಹೇಗಿದೆ ಎಂದ. ಬಿಯರಿನ ರುಚಿ ನೋಡಲು ಬಂದ ಸ್ನೇಹಿತರು "ಜರ್ಮನೀದೂ ಹಿಂಗೇ ಇತ್ತಾ?" ಎಂದು ಕೇಳಿದಾಗ ನಾನು ಕೆಮ್ಮುತ್ತ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಹೆಚ್ಚುಕಡಿಮೆ ಮೂಗನ ಹಾಗೆ ವರ್ಷ ಕಳೆದೆ. ನಮ್ಮ ಸಂಸಾರದಲ್ಲಿ ಅಷ್ಟು ನೆಮ್ಮದಿಯ ವರ್ಷ ಇನ್ನೊಂದಿಲ್ಲ ಎಂದು ಸರೋಜ ಹೇಳುತ್ತಾಳೆ. ಅತ್ತೆ ತಿಂಗಳಿಗೊಮ್ಮೆ ಕೆಂಪು ತುಟಿಯೊಂದಿಗೆ ರಾಗಿಯ ಗಂಟು ಹೊತ್ತು ಬಂದು, ಹರಕೆ ನಡೆಯುತ್ತಿದೆಯೇ ಎಂದು ಮಗಳನ್ನು ಕೇಳಿ ಖಾತ್ರಿ ಮಾಡಿಕೊಂಡು ಹೋಗುತ್ತಿದ್ದಳು. ಅಂತೂ ಹೋದ ವಾರ ಅವಧಿ ಮುಗಿಯಿತು. ಮುಗಿದ ಮಾರನೆಯ ಬೆಳಿಗ್ಗೆಯೇ ನಾನು ಈ ಪ್ರಬಂಧ ಬರೆಯಲು ಕೂತೆ.